ಬುದ್ದಿ ಅನ್ನದ ಟೇಕು

"ಮೆಟ್ಟ ಬುಡ್ಲಾ ಆಚ್ಗ! ಯಾರಟ್ಟಿ ಅನ್ಕಂಡಿದ್ದಯ್ಯಾ, ನಿಮ್ಮಪ್ಪನ್ದಾ? ಬಡ್ಡೈದ್ನೆ, ನಾಕು ಪಿಚ್ಚರ್ ಮಾಡ್ಬುಟ್ರ ಜಗಲಿಗಂಟ ಬಂದುಬುಡ್ತೀಯಾ?"

"ಸೂಪರ್ ಸರ್, ಸೂಪರ್! ಟೇಕಲ್ಲೂ ಇದೇ ಫೀಲ್ ಇರಲಿ!" ಎಂದು ಡೈರೆಕ್ಟರು ಚಪ್ಪಾಳೆ ತಟ್ಟಿದರು.

ಪಾಪ, ಅವರಿಗೇನು ಗೊತ್ತು? ಅದು ರಿಹರ್ಸಲ್ ಆಗಿರಲಿಲ್ಲ. ಡೈಲಾಗ್ ಪೇಪರು ಶೂಟಿಂಗಿಗೆ ಮನೆ ಕೊಟ್ಟಿದ್ದ ಪ್ರಭುಸ್ವಾಮಿಯ ಕೈಗೆ ಇನ್ನೂ ಬಂದೇ ಇರಲಿಲ್ಲ. ಅವನು ಮನಸಾರೆ ಬೈದಿದ್ದ.

ಬೈಸಿಕೊಂಡವನು ನಮ್ಮ ನಂಜಯ್ಯ ತಾತ. ನೂರ ನಲವತ್ತಾರು ಸಿನಿಮಾ. ನೀವು ಅವನನ್ನು ನೋಡಿದ್ದೀರಿ, ಹೆಸರು ಗೊತ್ತಿಲ್ಲ ಅಷ್ಟೆ. ದೊಡ್ಡಮನೆಯ ಆಳು, ಸ್ಟೇಷನ್ನಿನ ಮೂಲೆಯಲ್ಲಿ ಒದೆ ತಿನ್ನುವ ಕಳ್ಳ, ಇಂಟರ್ವಲ್ಲಿಗೆ ಮುಂಚೆ ಸಾಯುವ ಜೀತದವನು, ಎಲ್ಲಾ ಅವನೇ. ಸತ್ತದ್ದೇ ಮೂವತ್ತೊಂದು ಸಲ. ಒಂದು ಸಿನಿಮಾದಲ್ಲಂತೂ ಸತ್ತ ಮೇಲೆ, ಹೊರಲು ಜನ ಸಾಲದೆಂದು ಮೀಸೆ ಅಂಟಿಸಿಕೊಂಡು ಬಂದು ತನ್ನದೇ ಹೆಣಕ್ಕೆ ಹೆಗಲು ಕೊಟ್ಟಿದ್ದಾನೆ. ಡಬಲ್ ಆಕ್ಟಿಂಗ್! ಪೋಸ್ಟರಲ್ಲಿ ಮಾತ್ರ 'ಮತ್ತಿತರರು'.

ಇಂಡಸ್ಟ್ರಿಯಲ್ಲಿ ಅವನನ್ನು 'ಒನ್ ಟೇಕ್ ನಂಜಯ್ಯ' ಎನ್ನುತ್ತಾರೆ. ಕಾಲಿಗೆ ಬೀಳುವುದರಲ್ಲಿ ಅವನಿಗೆ ಸಾಟಿಯಿಲ್ಲ. ಧೊಪ್ಪೆಂದು ಬೀಳುತ್ತಾನೆ, ಒಂದೇ ಉಸಿರಿಗೆ 'ತಪ್ಪಾಯ್ತು ಬುದ್ದಿ' ಎನ್ನುತ್ತಾನೆ, ಥಿಯೇಟರಿನಲ್ಲಿ ಹೆಂಗಸರು ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಆದರೆ ಒಡೆಯರನ್ನು ಕರೆಯುವ ಆ 'ಬುದ್ದಿ' ಎಂಬ ಮಾತನ್ನು ಅವನು ನಮ್ಮೂರಲ್ಲಿ ಆಡುವುದಿಲ್ಲ. ನಲವತ್ತನಾಲ್ಕು ವರ್ಷದಿಂದ ಆಡಿಲ್ಲ. ಅಕ್ಕನನ್ನು ನೋಡಲು ಬಂದರೂ ನಮ್ಮ ಬೀದಿಗೆ ಬಂದು ಹಾಗೇ ಹೋಗುತ್ತಿದ್ದ, ಮೇಲಿನ ಬೀದಿ ತುಳಿಯುತ್ತಿರಲಿಲ್ಲ.

ಈ ಸಲ ಶೂಟಿಂಗ್ ಯಳಂದೂರು ಕಡೆ ಎಂದಷ್ಟೇ ಅವನಿಗೆ ಹೇಳಿದ್ದರು. ಎರಡು ದಿನ ಹೊನ್ನೂರಿನ ಗದ್ದೆಯಲ್ಲಿ ಆಯಿತು. ಮೂರನೇ ದಿನ ವ್ಯಾನು ಕೊಳ್ಳೇಗಾಲ ದಾಟಿ, ಮಧುವನಹಳ್ಳಿ ರಸ್ತೆ ಹಿಡಿದು, ನಮ್ಮೂರಿಗೆ ತಿರುಗಿ, ಸೀದಾ ಪ್ರಭುಸ್ವಾಮಿಯ ತೊಟ್ಟಿಮನೆ ಎದುರು ನಿಂತಿತು. ಇಳಿದವನು ಮೆಟ್ಟು ಹಾಕಿಕೊಂಡೇ ಜಗಲಿ ಹತ್ತಿರ ಹೋದದ್ದಕ್ಕೆ ಬೆಳಿಗ್ಗೆ ಆ ಬೈಗುಳ. ಪ್ರಭುಸ್ವಾಮಿ ಮನೆಯನ್ನು ಬಿಟ್ಟಿಯಾಗಿ ಕೊಟ್ಟಿದ್ದ. ಬದಲಿಗೆ ಜಮೀನ್ದಾರನ ಪಾರ್ಟು ಅವನಿಗೇ ಬೇಕಿತ್ತು. ಮೀಸೆ ಸ್ವಂತದ್ದು, ಮನೆ ಸ್ವಂತದ್ದು, ದರ್ಪ ಸ್ವಂತದ್ದು. ಮೇಕಪ್ಪಿಗೆ ಕೆಲಸವೇ ಇಲ್ಲ.

ಸೀನಿನಲ್ಲಿ ಹಿಂದೆ ನಿಲ್ಲಲೆಂದು ನಮ್ಮ ಬೀದಿಯಿಂದ ನಲವತ್ತು ಜನರನ್ನು ಕರೆದಿದ್ದರು. ತಲೆ ತಗ್ಗಿಸಿ ನಿಂತರೆ ಸಾಕು, ಅದೇ ಆಕ್ಟಿಂಗು. ಆಟೋ ನಿಲ್ಲಿಸಿ ನಾನೂ ಹೋದೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಅಸಿಸ್ಟೆಂಟು ಕಿತ್ತುಕೊಂಡ.

"ಏನ್ ಗುರು, ನೀನು ಶೋಷಿತ. ಕೂಲಿಂಗ್ ಗ್ಲಾಸ್ ಹಾಕ್ಬಾರ್ದು."

"ಬಿಸುಲು ಶೋಷಿತ್ರುಗ ವಡಿಯಕಿಲ್ವಾ ಸಾ?"

"ತಲೆ ತಗ್ಸು. ಬೀಳಲ್ಲ."

ಮಧ್ಯಾಹ್ನ ಯೂನಿಟ್ಟಿನವರೆಲ್ಲ ಜಗಲಿಯ ಮೇಲೆ ಕುಳಿತು ಉಂಡರು. ತಾತ ತಟ್ಟೆ ಹಿಡಿದು ಮೆಟ್ಟಿಲ ಬಳಿಗೆ ಬಂದ. ಪ್ರಭುಸ್ವಾಮಿಯ ಹೆಂಡತಿ ಚನ್ನಾಜಮ್ಮ ಬಾಗಿಲಿಂದಲೇ, "ನಂಜ, ನೀ ಕೊಟ್ಟಿಗ್ಗ ಓಗಪ್ಪ, ಅಲ್ಲಿ ನೆಳ್ಳು ಚೆಂದಾಗದ," ಎಂದಳು. ದನಿಯಲ್ಲಿ ಜೇನು ಸುರಿಯುತ್ತಿತ್ತು. ನೀರು ಕೇಳಿದಾಗ ಚೊಂಬು ತಂದು ಬೊಗಸೆಗೆ ಮೇಲಿಂದ ಹುಯ್ದಳು. ಅರ್ಧ ಅಂಗಿಯ ಮೇಲೆ ಬಿತ್ತು. ಡೈರೆಕ್ಟರು ಅದನ್ನು ಕಂಡು, "ಆ ಒದ್ದೆ ಹಾಗೇ ಇರ್ಲಿ ನಂಜಯ್ಯ, ನೀರು ಮುಟ್ಟಿದ ಸೀನಿಗೆ ಚೆನ್ನಾಗಿದೆ," ಎಂದರು.

ತಾತ ಅವರ ಹತ್ತಿರ ಹೋದ. "ಸಾ, ಒಂದು ಮಾತು. ತಪ್ಪಾಯ್ತು ಅಂತೀನಿ. ಬುದ್ದಿ ಅನ್ನದೊಂದ ಬುಟ್ಬುಡ್ಲಾ?"

"ಯಾಕ್ರೀ? ಪೂರ್ತಿ ಸೀನ್ ನಿಂತಿರೋದೇ ಆ ಪದದ ಮೇಲೆ."

"ಬೇಕಾರ ಡಬ್ಬಿಂಗಲ್ಲಿ ಸೇರುಸ್ಕೊಡ್ತೀನಿ ಸಾ."

"ಡಬ್ಬಿಂಗ್ ಇಲ್ಲ, ಸಿಂಕ್ ಸೌಂಡು. ಇಲ್ಲಿ ಆಡಿದ್ದೇ ಫೈನಲ್." ಡೈರೆಕ್ಟರು ಗಡಿಯಾರ ನೋಡಿಕೊಂಡರು. "ಇಷ್ಟು ವರ್ಷ ಎಷ್ಟು ಜನಕ್ಕೆ ಅಂದಿಲ್ಲ ನೀವು? ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಬೇರೆಯವ್ರನ್ನ ಹಾಕ್ತೀನಿ. ಆಮೇಲೆ ಗಾಂಧಿನಗರದಲ್ಲಿ ನಿಮ್ಮನ್ನ ಯಾರು ಕರೀತಾರೆ ನಾನೂ ನೋಡ್ತೀನಿ."

ವಿಷಯ ಇಷ್ಟೆ. ನಮ್ಮ ಬೀದಿಯ ಬಾಯಲ್ಲಿ ಪ್ರಭುಸ್ವಾಮಿಗೆ ಹೆಸರಿಲ್ಲ. 'ಬುದ್ದಿ', 'ಬುದ್ದಿಯೋರು', ಮುಗಿಯಿತು. ಅವನ ಅಪ್ಪನೂ ಬುದ್ದಿ, ಮಗನೂ ಬುದ್ದಿ. ಮೂರು ತಲೆಮಾರಿಗೆ ಒಂದೇ ಬುದ್ದಿ.

ನಲವತ್ತನಾಲ್ಕು ವರ್ಷದ ಹಿಂದೆ ತಾತನ ಅಕ್ಕ, ಅಂದರೆ ನನ್ನಜ್ಜಿ ಚೆಲುವಮ್ಮ, ಪ್ರಭುಸ್ವಾಮಿಯ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವಳು ಬಾಯಾರಿ ಪಂಪ್‌ಸೆಟ್ಟಿನ ತೊಟ್ಟಿಗೆ ಕೈಯಿಟ್ಟಳು. ಪ್ರಭುಸ್ವಾಮಿ ಗುದ್ದಲಿ ಕಾವಿನಲ್ಲಿ ಹೊಡೆದ. ಎಡಗೈ ಮುಂಗೈ ಮುರಿದು ಸೊಟ್ಟಗೆ ಕೂಡಿಕೊಂಡಿತು, ಇವತ್ತಿಗೂ ಹಾಗೇ ಇದೆ. ಹತ್ತೊಂಬತ್ತು ವರ್ಷದ ತಮ್ಮನನ್ನು ಕರೆದುಕೊಂಡು ಅವಳು ಠಾಣೆಗೆ ಹೋದಳು.

"ಯಾರು ಹೊಡೆದದ್ದು?" ಎಂದು ಬರೆದುಕೊಳ್ಳುವವನು ಕೇಳಿದ.

"ಬುದ್ದಿ ಒಡದ್ರು ಸಾ."

"ಬುದ್ದಿ ಅಂದ್ರೆ ಯಾರು?"

"ಬುದ್ದಿಯೋರು ಸಾ. ನಮ್ಮೂರ ಬುದ್ದಿಯೋರು."

ಕಾಗದದಲ್ಲಿ 'ಬುದ್ದಿ ಎಂಬುವವರು' ಎಂದೇ ಬಿತ್ತು. ಹದಿನೈದು ದಿನಕ್ಕೆ ಉತ್ತರ ಬಂತು: ಆ ಹೆಸರಿನ ವ್ಯಕ್ತಿ ಗ್ರಾಮದಲ್ಲಿ ಇಲ್ಲ. ಪಕ್ಕದಲ್ಲೇ ನಿಂತಿದ್ದ ತಮ್ಮನಿಗೆ ಹೆಸರು ಗೊತ್ತಿತ್ತು. ಬಾಯಿ ಏಳಲಿಲ್ಲ. ಅದೇ ವಾರ ಅವನು ಊರು ಬಿಟ್ಟ.

ಈಗ ಊಟವಾದ ಮೇಲೆ ತಾತ ಕೊಟ್ಟಿಗೆಯಲ್ಲಿ, ನಲವತ್ತು ಜನರಲ್ಲಿ ಒಬ್ಬಳಾಗಿ ಬಂದಿದ್ದ ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ.

"ಅಕ್ಕ, ಅಂದುಬುಡ್ಲಾ? ಪಿಚ್ಚರ್ಗ ತಾನೆ."

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. "ಬೆಂಗ್ಳೂರಲ್ಲಿ ಅಂದ್ರ ಪಿಚ್ಚರ್ರು ಕಣಪ್ಪ. ಈ ಅಟ್ಟೀಲಿ ಅಂದ್ರ ಅದೇ ನಿಜ."

"ಅನ್ನಲಿಲ್ಲ ಅಂದ್ರ ನಂಗ ಇನ್ನು ಪಾರ್ಟಿಲ್ಲ."

"ಮೂವತ್ತು ಸಲ ಸತ್ತಿದ್ದಯಲ್ಲ, ಇನ್ನೊಂದು ಸಲ ಸಾಯಿ," ಎಂದು ಅಜ್ಜಿ ಎಲೆ ಬಾಯಿಗಿಟ್ಟುಕೊಂಡಳು.

"ಮೂವತ್ತೊಂದು," ಎಂದ ತಾತ.

ಶಾಟ್ ರೆಡಿಯಾಯಿತು. ಸೌಂಡಿನ ಹುಡುಗಿ ರೂಪ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಉದ್ದ ಕೋಲಿನ ತುದಿಯ ಮೈಕು ತಾತನ ತಲೆ ಮೇಲೆ ಬಂದು ನಿಂತಿತು. ನಾವು ನಲವತ್ತು ಜನ ತಲೆ ತಗ್ಗಿಸಿದೆವು. ಆ್ಯಕ್ಷನ್!

ತಾತ ಬಿದ್ದ. ಏನು ಬೀಳುವುದದು! ಅಂಗಳದ ಧೂಳು ಎದ್ದಿತು.

ಪ್ರಭುಸ್ವಾಮಿ ಹೇಳಬೇಕಿದ್ದದ್ದು ಒಂದೇ ಸಾಲು: 'ಯಾರನ್ನು ಕೇಳಿ ನೀರು ಮುಟ್ಟಿದೆ?' ಅದನ್ನು ಹೇಳಿದ. ಆದರೆ ಕ್ಯಾಮೆರಾ, ಎದುರಿಗೆ ಇಡೀ ಊರು, ಕಾಲಡಿ ನಂಜಯ್ಯ. ತಲೆಗೆ ಏರಿಬಿಟ್ಟಿತು. ಪೇಪರಿನಲ್ಲಿಲ್ಲದ್ದು ಶುರುವಾಯಿತು. ಕಾಲೆತ್ತಿ ತಾತನ ಹೆಗಲ ಮೇಲಿಟ್ಟ.

"ನಿಮ್ಮಕ್ಕನ್ಗೂ ಇಂಗೇ ನೀರಿನ ತೆವ್ಲು ಇತ್ತು ಕಣ್ಲಾ. ಕಾವ್ನಲ್ಲಿ ನಾಕು ಬುಟ್ಟೆ, ಕೈ ಮುರ್ಕಂಡು ಬುದ್ದಿ ಕಲ್ತ್ಲು. ನಿಂಗಿನ್ನೂ ಬರನಿಲ್ವಾ?"

ಡೈರೆಕ್ಟರು ಮಾನಿಟರಿನ ಹಿಂದೆ ಎರಡೂ ಹೆಬ್ಬೆರಳು ಎತ್ತಿದರು.

ತಾತ ಕೈ ಜೋಡಿಸಿಕೊಂಡು ಮುಖ ಎತ್ತಿದ. ಕಣ್ಣಲ್ಲಿ ನೀರು ತುಂಬಿತ್ತು. ಗ್ಲಿಸರಿನ್ ಹಾಕಿರಲಿಲ್ಲ.

"ತಪ್ಪಾಯ್ತು," ಎಂದ. ಒಂದು ಗಳಿಗೆ ಬಿಟ್ಟ. ಆ ಟೈಮಿಂಗ್ ಇದೆಯಲ್ಲ, ಅದಕ್ಕೇ ಅವನನ್ನು ಒನ್ ಟೇಕ್ ಎನ್ನುವುದು.

"ತಪ್ಪಾಯ್ತು ಪ್ರಭುಸ್ವಾಮಿ. ಆವತ್ತು ಅಕ್ಕನ ಜೊತ್ಗ ಠಾಣೆಗ ಓದಾಗ ನಿನ್ ಎಸ್ರ ಯೋಳ್ದೆ ಬಂದದ್ದು ನಂದೇ ತಪ್ಪು."

ಕಟ್ ಹೇಳಬೇಕಾದವರು ಬಾಯಿ ತೆರೆದುಕೊಂಡು ನಿಂತಿದ್ದರು.

"ಏನಂದ್ಲಾ?" ಪ್ರಭುಸ್ವಾಮಿಯ ದನಿ ಕೀರಲಾಯಿತು.

ತಾತ ಹೆಗಲ ಮೇಲಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಪೆಟ್ಟಿಗೆ ಇಳಿಸುವಂತೆ ನೆಲಕ್ಕಿಳಿಸಿ, ಎದ್ದು ನಿಂತ.

"ಪ್ರಭುಸ್ವಾಮಿ ಅಂದೆ. ನಿಮ್ಮವ್ವ ಇಟ್ಟ ಎಸ್ರು ತಾನೆ? ಯಾತುಕ್ ಮುನುಸ್ಕತೀಯಾ?"

"ಬೋಳಿಮಗ್ನೆ!" ಪ್ರಭುಸ್ವಾಮಿ ಕೈಯೆತ್ತಿದ. ತಾತ ಆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡ. ನೂರ ನಲವತ್ತಾರು ಸಿನಿಮಾದಲ್ಲಿ ಏಟು ತಿಂದವನಿಗೆ ಏಟು ಎಲ್ಲಿಂದ ಬರುತ್ತದೆಂದು ಗೊತ್ತಿರುವುದಿಲ್ಲವೇ?

"ಇದು ನಿನ್ ಡೈಲಾಗಲ್ಲಿ ಇಲ್ಲ ಕಣ್ಲಾ ಪ್ರಭು."

ಅಷ್ಟರಲ್ಲಿ ಚೆಲುವಮ್ಮಜ್ಜಿ ಸಾಲು ಬಿಟ್ಟು ಮುಂದೆ ಬಂದಳು. ಅಸಿಸ್ಟೆಂಟು "ಅಜ್ಜಿ, ಫ್ರೇಮು, ಫ್ರೇಮು!" ಎಂದು ಸೆರಗು ಜಗ್ಗಿದ. ಅವನ ಕೈ ಕೊಡವಿದಳು. ಪ್ರಭುಸ್ವಾಮಿಯ ಎದುರು ನಿಂತು, ಸೊಟ್ಟ ಮುಂಗೈಯನ್ನು ಅವನ ಮೂಗಿನ ನೇರಕ್ಕೆ ಎತ್ತಿದಳು. ಎಪ್ಪತ್ತು ವರ್ಷದ ನಾಲಿಗೆಗೆ ಹೊಸ ಪದ, ಸರಿಯಾಗಿ ಹೊರಳಲಿಲ್ಲ.

"ಪರ್ಬುಸಾಮಿ," ಎಂದಳು. ಎಲೆಯಡಿಕೆ ಉಗಿದು, ಬಾಯಿ ಒರೆಸಿಕೊಂಡು, ಇನ್ನೊಮ್ಮೆ ಬಿಡಿಸಿ ಅಂದಳು. "ಪರ್ಬು. ಸಾಮಿ. ನನ್ ಕೈ ಮುರ್ದವ್ನು ನೀನೇ."

ಹಿಂದಿನಿಂದ ನಮ್ಮ ಬೀದಿಯ ಶಿವಮ್ಮ ಅದೇ ಹೆಸರು ಅಂದಳು. ಅವಳ ಗಂಡ ಅಂದ. ನಾನೂ ಸಿಳ್ಳೆ ಹೊಡೆದು, ಗಂಟಲು ಹರಿಯುವಂತೆ ಅಂದೆ. ತಗ್ಗಿದ್ದ ನಲವತ್ತು ತಲೆಯಲ್ಲಿ ಈಗ ಒಂದೂ ತಗ್ಗಿರಲಿಲ್ಲ. ಒಬ್ಬರು ನಕ್ಕರು, ಒಬ್ಬರು ಅತ್ತರು.

"ಅಳ್ಸಾಕ್ರೀ ಅದ! ನನ್ನಟ್ಟೀಲಿ ನಂಗೇ..." ಪ್ರಭುಸ್ವಾಮಿ ಕ್ಯಾಮೆರಾ ಕಡೆ ನುಗ್ಗಿದ. ಡೈರೆಕ್ಟರು ಅಡ್ಡ ಬಂದು ಕೈ ಮುಗಿದರು. "ಎಡಿಟಲ್ಲಿ ತೆಗೀತೀವಿ ಸರ್, ಕಟ್ ಮಾಡ್ತೀವಿ ಸರ್." ತಾತನ ಕಡೆ ತಿರುಗಿ, "ನಿನ್ನ ಕಥೆ ಮುಗೀತು ಕಣೋ ನಂಜಯ್ಯ. ಈ ಜನ್ಮದಲ್ಲಿ ನಿನಗೆ ಪಾರ್ಟಿಲ್ಲ," ಎಂದರು.

"ಸರ್," ಎಂದಳು ರೂಪ, ಹೆಡ್‌ಫೋನಿನ ಒಂದು ಕಿವಿ ಮಾತ್ರ ಸರಿಸಿ, "ಸೌಂಡ್ ಇನ್ನೂ ರೋಲಿಂಗು, ಎಲ್ಲಾ ರೆಕಾರ್ಡ್ ಆಗ್ತಿದೆ."

"ಸೈಲೆನ್ಸ್!" ಎಂದು ಅಸಿಸ್ಟೆಂಟು ಕಿರುಚಿದ. "ಎಲ್ರೂ ಸೈಲೆನ್ಸ್!"

ನಮ್ಮ ಬೀದಿಯವರು ಯಾರೂ ಸುಮ್ಮನಾಗಲಿಲ್ಲ.