ರಂಜಕದ ದನಿ ಕೇಳಿದ ತಾಮ್ರದ ಸುರುಳಿ

ನಾನು ಒಂದು ತಾಮ್ರದ ಸುರುಳಿ. ಚಹಾ ಕಪ್ಪಿನ ಕೆಳಗಿಡುವ ಬಸಿಯಷ್ಟು ಅಗಲ, ಎರಡೇ ಸುತ್ತು. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದ ಗುರುಪಾದಪ್ಪ ಬಡಿಗೇರರು, ಫ್ರಿಜ್ಜಿಗೆ ಹಾಕುವ ಸಣ್ಣ ತಾಮ್ರದ ನಳಿಕೆಯನ್ನು ಮರದ ಅಚ್ಚಿನ ಸುತ್ತ ಬಗ್ಗಿಸಿ ನನ್ನನ್ನು ಮಾಡಿದರು. ಮಾಡಿಸಿದವರು ನೀಲಾಂಬಿಕಾ ಕೋರಿ. ಅವರು ಊರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ನೋಡಿಕೊಳ್ಳುವ ಭೌತವಿಜ್ಞಾನಿ.

“ಇದು ಏನ್ ಕೇಳಬೇಕ್ರಿ ಮೇಡಮ್ಮಾರ?” ಎಂದು ಗುರುಪಾದಪ್ಪ ಬೆಸುಗೆ ಹಾಕುತ್ತಲೇ ಕೇಳಿದರು.

“ರಂಜಕ ಕೇಳಬೇಕ್ರಿ, ಫಾಸ್ಫರಸ್ ಅಂತಾರಲ್ಲ ಅದು. ಭಾಳ ಸಣ್ಣ ದನಿ ಅದು.”

ಎಂಆರ್‌ಐ ಸಾಮಾನ್ಯವಾಗಿ ಮೈಯೊಳಗಿನ ನೀರನ್ನು ಆಲಿಸಿ ಚಿತ್ರ ಬರೆಯುತ್ತದೆ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಆ ಗಡ್ಡೆ ಉಂಡು ಬೆಳೆಯುತ್ತಿದೆಯೋ, ಸತ್ತು ಬಿದ್ದಿದೆಯೋ ಎಂಬುದನ್ನು ಚಿತ್ರ ಎಲ್ಲ ಸಲವೂ ಹೇಳುವುದಿಲ್ಲ. ಜೀವಕೋಶಕ್ಕೆ ಬಲ ಬರುವುದು, ಅದು ಒಡೆದು ಎರಡಾಗುವುದು, ಎಲ್ಲದರಲ್ಲೂ ರಂಜಕದ ಪಾತ್ರವಿದೆ. ಬೆಳೆಯುವ ಗಡ್ಡೆಯಲ್ಲಿ ಅದರ ದನಿ ಒಂದು ತೆರ. ಸತ್ತ ಜಾಗದಲ್ಲಿ ಹೆಚ್ಚುಕಡಿಮೆ ಮೌನ. ಆ ವ್ಯತ್ಯಾಸ ಹಿಡಿಯುವುದೇ ನನ್ನ ಕೆಲಸ.

ಹೇಳಿದಷ್ಟು ಸುಲಭವಾಗಲಿಲ್ಲ. ರೋಗಿಗಳಿಲ್ಲದ ಭಾನುವಾರ ಮಧ್ಯಾಹ್ನ ನೀಲಾಂಬಿಕಾ ರಂಜಕದ ಉಪ್ಪು ಕರಗಿಸಿದ ನೀರು ತುಂಬಿದ ಒಂದು ಬಾಟಲಿಯನ್ನು ಯಂತ್ರದೊಳಗಿಟ್ಟು ನನ್ನನ್ನು ಅದಕ್ಕೆ ಒತ್ತಿ ಕಟ್ಟಿದರು. ಪರದೆಯ ಮೇಲೆ ಬಂದದ್ದು ಬರೀ ಗದ್ದಲ. ಆರು ಭಾನುವಾರ ಹಾಗೇ ಹೋಯಿತು. ಇದು ಈ ಊರಲ್ಲಿ ಆಗುವ ಕೆಲಸವಲ್ಲ ಎಂದು ಹಲವರು ಹೇಳಿದರು. ಏಳನೆಯ ಭಾನುವಾರ ನೀಲಾಂಬಿಕಾ ಗುರುಪಾದಪ್ಪನವರನ್ನೇ ಕರೆತಂದರು. ಅವರು ಕನ್ನಡಕ ಮೇಲೆತ್ತಿ ಕೋಣೆಯನ್ನೆಲ್ಲ ನೋಡಿ, “ಒಂದೊಂದ ಬಂದ್ ಮಾಡ್ಕೋತ ಬರ್ರಿ” ಎಂದರು. ಫ್ಯಾನು ಬಂದಾಯಿತು, ಗದ್ದಲ ಹಾಗೇ ಇತ್ತು. ಎಸಿ ನಿಂತಿತು, ಆಗಲೂ ಇತ್ತು. ಆ ವರ್ಷ ಹೊಸದಾಗಿ ಹಾಕಿಸಿದ್ದ ಎಲ್‌ಇಡಿ ದೀಪ ಆರಿಸಿದಾಗ ಗದ್ದಲ ನಿಂತು, ಪರದೆಯ ಮೇಲೆ ಒಂದೇ ಒಂದು ಗೆರೆ ನೆಟ್ಟಗೆ ನಿಂತಿತು. ಬಾಟಲಿಯ ರಂಜಕ ಅದು. ಇಬ್ಬರೂ ಕತ್ತಲೆಯಲ್ಲಿ ನಿಂತು ಅದನ್ನು ನೋಡಿದರು.

ಅದಾಗಿ ಒಂದು ವರ್ಷ ಪರೀಕ್ಷೆಗಳು, ರೋಗಿಗಳ ಮೇಲೆ ಬಳಸಲು ಆಸ್ಪತ್ರೆಯ ಸಮಿತಿಯ ಮುಂದೆ ಅರ್ಜಿ, ಮತ್ತೆ ಪರೀಕ್ಷೆಗಳು. ಒಪ್ಪಿಗೆ ಸಿಕ್ಕ ಮೇಲೆ ನನ್ನ ಹತ್ತಿರ ಬಂದ ಮೊದಲ ರೋಗಿ ರೇಣವ್ವ ಮಡಿವಾಳರ. ಹುಬ್ಬಳ್ಳಿ–ಗದಗ ಬಸ್ಸಿನಲ್ಲಿ ಹದಿನಾರು ವರ್ಷ ಕಂಡಕ್ಟರ್ ಆಗಿದ್ದವರು. ಎಡಗಿವಿಯ ಮೇಲ್ಗಡೆ, ಮಿದುಳಿನಲ್ಲಿ ಮಾತಿನ ಜಾಗದ ಪಕ್ಕದಲ್ಲೇ ಗಡ್ಡೆ. ರೇಡಿಯೇಷನ್ ಮುಗಿದು ಎಂಟು ತಿಂಗಳಾಗಿತ್ತು. ಹೊಸ ಚಿತ್ರದಲ್ಲಿ ಅಲ್ಲಿ ಮತ್ತೆ ಬೆಳ್ಳಗೆ ಕಾಣುತ್ತಿತ್ತು.

ಶಸ್ತ್ರವೈದ್ಯ ಡಾಕ್ಟರ್ ಸತ್ತಿಗೇರಿ ಆ ಚಿತ್ರ ಹಿಡಿದು ಬಂದರು. “ಗಡ್ಡಿ ಮತ್ತ ಬಂದದ ಅಂತ ಕಾಣಸ್ತದ. ತಗೀಬೇಕು. ತಗದ್ರ ಮಾತು ಹೋಗಬಹುದು.”

“ರೇಡಿಯೇಷನ್ ಕೊಟ್ಟಿದ್ದರ ಗಾಯನೂ ಹಿಂಗ ಕಾಣಸ್ತದಲ್ರಿ ಸರ್?” ಎಂದರು ನೀಲಾಂಬಿಕಾ.

“ಕಾಣಸ್ತದ. ಸೂಜಿ ಹಾಕಿ ತುಣುಕು ತಗದು ನೋಡೋಣಂದ್ರ ಆ ಜಾಗದಾಗ ಅದೂ ತ್ರಾಸ ಅದ. ಹದಿನೈದು ದಿನ ತಡೀತೀನಿ. ಅದರಾಚಿ ಆಗಂಗಿಲ್ಲ.”

ರೇಣವ್ವನಿಗೆ ಮಾತು ಆಗಲೇ ತಡವರಿಸುತ್ತಿತ್ತು. ಹೊಸ ಪರೀಕ್ಷೆ ಇದು, ತಪ್ಪಲೂಬಹುದು ಎಂದು ನೀಲಾಂಬಿಕಾ ಬಿಡಿಸಿ ಹೇಳಿದರು. ರೇಣವ್ವ ಎಲ್ಲ ಕೇಳಿ ಸಹಿ ಹಾಕಿದರು. ಅವರ ಎಡಗಿವಿಯ ಮೇಲೆ ನನ್ನನ್ನು ಇಟ್ಟು ಪಟ್ಟಿ ಸುತ್ತಿದರು. ನಲವತ್ತು ನಿಮಿಷ ತಲೆ ಅಲುಗಬಾರದು. ಇಪ್ಪತ್ತೆರಡನೆಯ ನಿಮಿಷಕ್ಕೆ ಕೆಮ್ಮು ಬಂದು ಎಲ್ಲ ಕೆಟ್ಟಿತು.

“ನಾಳೆ ಮಾಡೋಣೇನ್ರಿ ಅಕ್ಕಾ? ದಣದೀರಿ,” ಎಂದರು ನೀಲಾಂಬಿಕಾ.

“ಈಗ… ಈಗ ಮಾಡ್ರಿ,” ಎಂದರು ರೇಣವ್ವ. ನೀರು ಕುಡಿದು ಮತ್ತೆ ಮಲಗಿದರು. ಈ ಸಲ ನನ್ನ ಕೆಳಗಿನ ತಲೆ ಕಲ್ಲಿನಂತೆ ಇತ್ತು. ಹುಬ್ಬಳ್ಳಿಯಿಂದ ಗದಗಿನವರೆಗೆ ಸ್ಟಾಪುಗಳನ್ನೆಲ್ಲ ಮನಸ್ಸಿನಲ್ಲೇ ಕೂಗುತ್ತ ಹೋಗಿ, ವಾಪಸ್ಸೂ ಬಂದೆ ಎಂದು ಆಮೇಲೆ ಹೇಳಿದರಂತೆ.

ನಾನು ಕೇಳಿದ್ದು ಮೌನ. ಬೆಳೆಯುವ ಗಡ್ಡೆಯ ದನಿ ಅಲ್ಲಿರಲಿಲ್ಲ. ನೀಲಾಂಬಿಕಾ ಹಿಗ್ಗಲಿಲ್ಲ. ಪರದೆಯನ್ನು ಬಹಳ ಹೊತ್ತು ನೋಡಿ, “ಕಾಯಿಲ್ ಕೆಟ್ಟಿದ್ರೂ ಹಿಂಗ ಬರ್ತದ” ಎಂದರು. ಅವರು ನನ್ನನ್ನೇ ಅನುಮಾನಿಸಿದರು. ನನಗೆ ಅದರಿಂದ ಬೇಸರವಾಗಲಿಲ್ಲ. ಒಂದು ಜೀವದ ಮಾತು ನನ್ನ ಬೆಸುಗೆಯ ಮೇಲೆ ನಿಂತಿರುವಾಗ ಅನುಮಾನಿಸುವವರೇ ಬೇಕು. ರೇಣವ್ವನ ಒಪ್ಪಿಗೆ ಕೇಳಿ ನನ್ನನ್ನು ಬಲಗಿವಿಯ ಮೇಲೆ, ಆರೋಗ್ಯವಾಗಿದ್ದ ಕಡೆ ಕಟ್ಟಿದರು. ಅಲ್ಲಿ ರಂಜಕದ ಗೆರೆಗಳು ಒಂದರ ಪಕ್ಕ ಒಂದು ಎದ್ದು ನಿಂತವು. ನಾನು ಕೆಟ್ಟಿರಲಿಲ್ಲ. ಮರುದಿನ ಮತ್ತೊಮ್ಮೆ ಎಡಗಡೆ ಅಳೆದರು. ಆಗಲೂ ಅದೇ ಮೌನ.

ಡಾಕ್ಟರ್ ಸತ್ತಿಗೇರಿ ಎರಡು ದಿನದ ಗೆರೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. “ಖಾತ್ರಿ ಅದ ಏನ್ರಿ?”

“ಖಾತ್ರಿ ಅನ್ನಂಗಿಲ್ರಿ. ಸತ್ತ ಜಾಗ ಅಂತ ನನಗ ಕಾಣಸ್ತದ.”

ಕೊನೆಗೆ ಡಾಕ್ಟರು ಏನು ಮಾಡೋಣವೆಂದು ರೇಣವ್ವನನ್ನೇ ಕೇಳಿದರು. ರೇಣವ್ವ ಮಾತು ಹುಡುಕಿ ಹುಡುಕಿ ಹೇಳಿದರು: “ಕಾಯೋಣ್ರಿ. ನನ್ನ ಮಾತು… ನನಗ ಬೇಕ್ರಿ.”

ಡಾಕ್ಟರು ತಮ್ಮ ಹದಿನೈದು ದಿನದ ಗಡುವು ಬಿಟ್ಟು, ಬಾವು ಇಳಿಯಲು ಔಷಧ ಕೊಟ್ಟು ಆರು ವಾರ ಕಾದರು. ಆ ಆರು ವಾರ ನೀಲಾಂಬಿಕಾ ದಿನಾ ಬೆಳಿಗ್ಗೆ ಬಂದ ಕೂಡಲೇ ನನ್ನನ್ನು ಬಾಟಲಿಗೆ ಕಟ್ಟಿ ನೋಡುತ್ತಿದ್ದರು. ಏಳನೆಯ ವಾರದ ಚಿತ್ರದಲ್ಲಿ ಆ ಬಿಳಿ ಜಾಗ ಕುಗ್ಗಿತ್ತು. ಆಪರೇಷನ್ ಕೈಬಿಟ್ಟರು. ಮುಂದೆ ಮಾತು ಸರಿಹೋದ ರೇಣವ್ವನಿಗೆ ಬಸ್ ನಿಲ್ದಾಣದ ಮೈಕಿನಲ್ಲಿ ಊರುಗಳ ಹೆಸರು ಹೇಳುವ ಕೆಲಸ ಸಿಕ್ಕಿತು ಎಂದು ಕೇಳಿದೆ.

ಎಲ್ಲರ ಕತೆ ಹಾಗಾಗಲಿಲ್ಲ. ನವಲಗುಂದದ ಡ್ರಾಯಿಂಗ್ ಮಾಸ್ತರ ಇಮಾಮಸಾಬ ಹಂಚಿನಾಳರ ತಲೆಯ ಮೇಲೆ ನನ್ನನ್ನಿಟ್ಟಾಗ ಬೆಳೆಯುವ ಗಡ್ಡೆಯ ದನಿಯೇ ಜೋರಾಗಿ ಕೇಳಿತು. ಅವರೂ ಕಾಯುವ ಆಸೆಯಲ್ಲಿ ಬಂದಿದ್ದವರು. ನೀಲಾಂಬಿಕಾ ಅವರ ಎದುರು ಕುರ್ಚಿ ಎಳೆದು ಕೂತು, ಇದ್ದದ್ದನ್ನು ಇದ್ದಂತೆ ಹೇಳಿದರು. ಆ ವಾರವೇ ಆಪರೇಷನ್ ಆಯಿತು. ಎರಡು ವರ್ಷ ಬದುಕಿ, ಮಗಳ ಮದುವೆಯ ಕಾರ್ಡಿನ ಚಿತ್ರ ತಾವೇ ಬರೆದರು. ಅವರು ಹೋದ ಸುದ್ದಿ ಬಂದ ದಿನ ನೀಲಾಂಬಿಕಾ ಊಟಕ್ಕೆ ಏಳಲಿಲ್ಲ. ಎರಡು ಗಂಟೆಗೆ ಎದ್ದು ಮುಂದಿನ ರೋಗಿಯನ್ನು ಒಳಗೆ ಕರೆದರು.

ಒಂಬತ್ತು ವರ್ಷದಲ್ಲಿ ಇನ್ನೂರ ಹನ್ನೊಂದು ತಲೆಗಳನ್ನು ಆಲಿಸಿದೆ. ನಾಲ್ಕು ಸಲ ತಪ್ಪು ಕೇಳಿಸಿಕೊಂಡೆ. ಆ ನಾಲ್ಕು ಹೆಸರು ನೀಲಾಂಬಿಕಾರ ಮೇಜಿನ ಗಾಜಿನ ಕೆಳಗಿವೆ. ಆಮೇಲೆ ನನ್ನ ಬೆಸುಗೆ ಬಿರುಕು ಬಿಟ್ಟಿತು. ಕಂಪನಿಯಿಂದ, ನನ್ನಂಥ ಎಂಟು ಕಿವಿಗಳಿರುವ ಹೊಸ ಕಾಯಿಲ್ ಬಂತು. ನಾನು ಕಪಾಟಿನ ಮೇಲಿನ ಖಾನೆಗೆ ಏರಿದೆ.

ಇವತ್ತು ನೀಲಾಂಬಿಕಾ ನನ್ನನ್ನು ಕೆಳಗಿಳಿಸಿದರು. ಅವರ ಕೂದಲು ಈಗ ಪೂರ್ತಿ ಬಿಳಿ. ಸ್ತನದ ಗಡ್ಡೆಯನ್ನು ಆಲಿಸಲು ಬೇರೆ ಆಕಾರದ ಸುರುಳಿ ಬೇಕಂತೆ, ಅಂಥದ್ದು ಎಲ್ಲೂ ಸಿಗುವುದಿಲ್ಲವಂತೆ. ಇದನ್ನು ಮ್ಯೂಸಿಯಮ್ಮಿಗೆ ಕೊಡೋಣ ಎಂದು ಜೊತೆಯವರು ಯಾರೋ ಅಂದರು.

“ಮ್ಯೂಸಿಯಮ್ ಬ್ಯಾಡ್ರಿ. ತಾಮ್ರ ಛಲೋ ಅದ ಇನ್ನೂ,” ಎಂದು ಅವರು ಬೆಸುಗೆಯ ಕಡ್ಡಿಯನ್ನು ಕಾಯಿಸಿದರು.

ಮೊದಲ ಬೆಸುಗೆ ಕರಗುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ನಾನು ಸುರುಳಿಯಾಗಿ ಉಳಿಯುವುದಿಲ್ಲ, ಎರಡು ಮೊಳದುದ್ದದ ನಳಿಕೆಯಾಗುತ್ತೇನೆ. ಹೇಗೆ ಬೇಕೋ ಹಾಗೆ ಬಗ್ಗಿಸಲಿ. ಕೇಳುವ ಕೆಲಸ ಇನ್ನೂ ಬಹಳ ಇದೆ.