ಜಠರದಾಚೆ ಸಿಕ್ಕ ಹಾವುಮೀನು

ಮೀನುಪೇಟೆಯ ಏಳನೆಯ ಕಟ್ಟೆಯಲ್ಲಿ ಸೊಸೆ ಮೀನು ಕೊಯ್ಯುತ್ತಿದ್ದಳು, ಅತ್ತೆ ತಕ್ಕಡಿ ಹಿಡಿಯುತ್ತಿದ್ದಳು. ಸೊಸೆಯ ಕತ್ತಿಗಿಂತ ಅತ್ತೆಯ ನಾಲಿಗೆ ಒಂದು ಕೂದಲೆಳೆ ಹೆಚ್ಚು ಹರಿತವೆಂಬುದನ್ನು ಈ ಕಥೆ ಹೇಳುವವರೆಲ್ಲ ಒಪ್ಪುತ್ತಾರೆ.

ಒಂದು ಬೆಳಿಗ್ಗೆ ಗಿರಾಕಿಯ ಎದುರಿಗೇ ಆಳಗಡಲಿನ ದೊಡ್ಡ ಮೀನೊಂದರ ಹೊಟ್ಟೆ ಸೀಳಿದಾಗ, ಮೊಳದುದ್ದದ ಒಣಕಲು ಹುರಿಯಂಥದ್ದೊಂದು ಹೊರಬಿತ್ತು. ಗಿರಾಕಿ "ಅಯ್ಯೋ, ಹಾವು!" ಎಂದು ಚೀರಿದ್ದೇ ತಡ, ಪೇಟೆಯ ಇನ್ಸ್‌ಪೆಕ್ಟರ್ ಬಂದು ನಿಂತ.

ಸೊಸೆ ಕತ್ತಿಯ ಬೆನ್ನಿನಿಂದ ಅದನ್ನು ಉಜ್ಜಿ ನೋಡಿದಳು. "ಹಾವಲ್ಲ ಸಾರ್. ಹುರುಪೆ ಇಲ್ಲ, ಕಿವಿರಿದೆ. ಆಳದ ಕೆಸರಲ್ಲಿ ಹೂತ್ಕೊಂಡಿರೋ ಹಾವುಮೀನು. ಈ ಮೀನು ಅದನ್ನ ನುಂಗಿದೆ."

"ನುಂಗಿದ್ರೆ ಜಠರದೊಳಗೆ ಇರ್ಬೇಕಿತ್ತು. ಜಠರ ಇನ್ನೂ ಕೊಯ್ದೇ ಇಲ್ಲ, ಇದು ಅದರಾಚೆ ಇದೆ. ತೂಕಕ್ಕೆ ಅಂತ ನೀನೇ ತುರುಕಿದೀಯ. ಹೇಗೆ ಬಂತೂಂತ ಮಧ್ಯಾಹ್ನದೊಳಗೆ ತೋರಿಸು. ಇಲ್ಲಾಂದ್ರೆ ಕಟ್ಟೆ ಖಾಲಿ ಮಾಡು."

"ತುರುಕೋದೇ ಆಗಿದ್ರೆ ಕಲ್ಲು ತುರುಕ್ತಿರ್ಲಿಲ್ವೇನಪ್ಪಾ?" ಅತ್ತೆ ಸಿಡುಕಿದಳು. "ಈ ಕಡ್ಡಿಗೆ ನನ್ನ ತಕ್ಕಡಿ ಮಿಸುಕೋದೂ ಇಲ್ಲ!"

ಕಟ್ಟೆ ಹೋದರೆ ಒಲೆ ಉರಿಯದೆಂಬುದು ಸೊಸೆಗೆ ಗೊತ್ತಿತ್ತು. ಆದರೆ ಅವಳ ತಲೆಯೊಳಗೆ ಹೊಕ್ಕು ಕುಳಿತದ್ದು ಆ ಪ್ರಶ್ನೆಯೇ: ನಿಜಕ್ಕೂ ಹೇಗೆ ಬಂತು?

ಜಠರಕ್ಕೆ ನೀರು ತುಂಬಿಸಿದಳು. ಒಂದು ಹನಿಯೂ ಸೋರಲಿಲ್ಲ. ಇನ್ಸ್‌ಪೆಕ್ಟರ್ ಹುಬ್ಬೇರಿಸಿದ. ಅವಳು ಅದನ್ನು ಒಳಗು ಹೊರಗಾಗಿ ಮಗುಚಿ ಬೆಳಕಿಗೆ ಹಿಡಿದಳು. ಸಾಸಿವೆಯಷ್ಟು ಬಿಳಿಯ ಗಂಟೊಂದು ಕಂಡಿತು, ಮಾಯ್ದ ಗಾಯದ ಗುರುತು. ಮೀನು ಬದುಕಿದ್ದಾಗಲೇ ಏನೋ ಅದರ ಜಠರವನ್ನು ತೂತು ಮಾಡಿತ್ತು! ಬೇರೊಂದು ಮೀನಿನ ಹಸಿ ಜಠರ ತೆಗೆದು ಹಾವುಮೀನಿನ ಮೂತಿಯಿಂದ ಒತ್ತಿದಳು. ಮೂತಿಯೇ ಪುಡಿಯಾಯಿತು.

"ಮುಖ ಮುರ್ಕೊಳ್ತು ನಿನ್ನ ಸಾಕ್ಷಿ," ಎಂದು ನಕ್ಕ ಇನ್ಸ್‌ಪೆಕ್ಟರ್.

ಸೊಸೆ ಹಾವುಮೀನನ್ನು ಮತ್ತೆ ಕೈಗೆತ್ತಿಕೊಂಡಳು. ಯಾವ ಮೀನನ್ನಾದರೂ ತಲೆಯಿಂದಲೇ ಶುರುಮಾಡುವ ಕೈ ಅವಳದು. ಈ ಬಾರಿ ಹೆಬ್ಬೆರಳು ಮೈಯುದ್ದಕ್ಕೂ ಸವರುತ್ತ ಹಿಂದಕ್ಕೆ ಹೋಯಿತು. ಬಾಲದ ತುದಿಯಲ್ಲಿ ಚುಳ್ಳೆಂದು ಚುಚ್ಚಿ ಬೆರಳಿನಿಂದ ರಕ್ತ ಜಿನುಗಿತು. ಬಾಲಕ್ಕೆ ರೆಕ್ಕೆಯೇ ಇರಲಿಲ್ಲ. ಇದ್ದದ್ದು ದಬ್ಬಳದಂಥ ಮೂಳೆಯ ಮೊನೆ.

"ಅತ್ತೇ, ಇದು ಹಿಂದುಹಿಂದಕ್ಕೆ ಕೊರೆಯೋ ಜಾತಿ!"

"ನಿನ್ನ ಮಾವನ ಹಾಗೆ ಅನ್ನು. ಅವರೂ ಒಂದು ದಿನ ನೆಟ್ಟಗೆ ಮುಂದೆ ಹೋದವರಲ್ಲ."

ಬಾಲದ ಮೊನೆ ಹಸಿ ಜಠರವನ್ನು ಸಲೀಸಾಗಿ ದಾಟಿತು. ಇನ್ಸ್‌ಪೆಕ್ಟರ್ ತಾನೂ ಒಮ್ಮೆ ಒತ್ತಿ ನೋಡಿ, "ಕಟ್ಟೆ ನಿಮ್ಮದೇ," ಎಂದ. ಆದರೆ ಕಾಲು ಕೀಳಲಿಲ್ಲ. "ಅಲ್ಲಮ್ಮಾ, ಜಠರದ ಗೋಡೆ ಕೊರೆದದ್ದು ಹೊಟ್ಟೆಯ ಗೋಡೆಯನ್ನ ಯಾಕೆ ಕೊರೀಲಿಲ್ಲ?"

ಸೊಸೆ ಆಗಲೇ ಮೀನಿನ ಪಕ್ಕೆಯ ದಪ್ಪ ಮಾಂಸವನ್ನು ಒಳಗಿನಿಂದ ಬಿಡಿಸುತ್ತಿದ್ದಳು.

"ಗಿರಾಕಿ ಕಾಯ್ತಿದಾರೆ ಕಣೇ," ಎಂದಳು ಅತ್ತೆ.

"ಕಾಯ್ಲಿ ಅತ್ತೆ. ಇಲ್ಲಿ ಬನ್ನಿ, ಸಣ್ಣ ಸಣ್ಣ ಗುಳಿ ಇವೆ. ಪಾಪ, ಹೊರಗೆ ಬರೋಕೆ ಎಷ್ಟು ಸಲ ಪ್ರಯತ್ನ ಪಟ್ಟಿದೆ ನೋಡಿ."