ಗುಂಡಿ ಪೆಟ್ಟಿಗೆಯಲ್ಲಿ ಮಾತ್ರೆ

ಅತ್ತೆ ಬಟ್ಟೆ ಹೊಲಿದೇ ಸಂಸಾರ ಸಾಗಿಸಿದವಳು. ಗುಂಡಿಗಳ ಬಣ್ಣ, ಗಾತ್ರ ನೋಡಿ ತಗಡಿನ ಪೆಟ್ಟಿಗೆಯ ಗೂಡುಗಳಲ್ಲಿ ವಿಂಗಡಿಸುವುದು ಅವಳ ರೂಢಿ. ಮಾತ್ರೆಗಳಿಗೂ ಅದೇ ಲೆಕ್ಕ. ಸೊಂಟನೋವಿಗೆ ಮೂಳೆ ಡಾಕ್ಟರು ಕೊಟ್ಟದ್ದೂ ಬಿಳಿ, ಎದೆ ನಡುಗಿಸುವ ಭಯಕ್ಕೆ ಇನ್ನೊಬ್ಬ ಡಾಕ್ಟರು ಕೊಟ್ಟದ್ದೂ ಬಿಳಿ. ಎರಡನ್ನೂ ಬಿಡಿಸಿ ಒಂದೇ ಗೂಡಿಗೆ ಸುರಿದಿದ್ದಳು. ಭಯದ ಡಾಕ್ಟರ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೊಲಿಗೆ ಅಂಗಡಿಯಲ್ಲಿ ಸೊಸೆ ಅಂಗಿಗೆ ಗುಂಡಿಯ ಕಾಜ ಹೊಲಿಯುತ್ತಿದ್ದಾಗ ಅತ್ತೆಯ ಮಷೀನು ನಿಂತಿತು.

“ಏನತ್ತೆ, ಮಷೀನಿಗೆ ಜೋಗುಳ ಹಾಡಿ ನೀವೇ ಮಲಗಿಬಿಟ್ರಾ?”

“ನಿನ್ನ ಬಾಯಿಗೆ ಹೊಲಿಗೆ ಹಾಕ್ಬೇಕು ಕಣೇ” ಎಂಬ ಎಂದಿನ ಉತ್ತರ ಬರಲಿಲ್ಲ. ಅತ್ತೆಯ ತಲೆ ಬಟ್ಟೆಯ ಮೇಲೆ ಒರಗಿತ್ತು. ತುಟಿ ನೀಲಿಗಟ್ಟಿತ್ತು. ಒಂದು ಉಸಿರು ಬಂದರೆ ಇನ್ನೊಂದು ಬರುವುದೋ ಇಲ್ಲವೋ ಎನ್ನುವಂತಿತ್ತು. ಪಕ್ಕದಲ್ಲಿ ಪೆಟ್ಟಿಗೆ ತೆರೆದೇ ಇತ್ತು. ಸೊಸೆ ಅದನ್ನೂ ಎತ್ತಿಕೊಂಡು ಆಂಬುಲೆನ್ಸ್ ಹತ್ತಿದಳು.

“ಯಾವ ಮಾತ್ರೆ ತಗೋತಿದ್ರು?” ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು.

“ಸೊಂಟನೋವಿಂದು ಅಷ್ಟೇ.”

ಡಾಕ್ಟರಮ್ಮ ಗೂಡಿನಲ್ಲಿ ಬೆರಳಾಡಿಸಿ ಮಾತ್ರೆಗಳ ಮೇಲಿನ ಅಚ್ಚು ನೋಡಿದರು. “ಇದರಲ್ಲಿ ಎರಡು ಥರ ಇದೆಯಲ್ಲಮ್ಮಾ. ಒಂದು ತುಂಬಾ ಸ್ಟ್ರಾಂಗ್ ನೋವಿನ ಮಾತ್ರೆ, ಒಂದು ಭಯದ್ದು. ಎರಡೂ ಉಸಿರನ್ನ ನಿಧಾನ ಮಾಡೋವೇ. ಜೊತೆಯಾದ್ರೆ ಉಸಿರೇ ನಿಂತುಹೋಗಬಹುದು.” ಅಷ್ಟು ಹೇಳಿ ಒಳಗೆ ಓಡಿದರು.

ಸೊಸೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಳು. ದೇವರ ಮುಂದೆ ದೊಡ್ಡ ಮಾತೇನೂ ಹೊಳೆಯಲಿಲ್ಲ. ಇನ್ನೊಂದು ಉಸಿರು ಕೊಡು ತಂದೆ, ಅದರ ಹಿಂದೆ ಇನ್ನೊಂದು, ಎಂದಷ್ಟೇ ಬೇಡುತ್ತಾ ಹೋದಳು. ಕೊಡುವವನು ಕೊಡುತ್ತಲೇ ಹೋದ.

ಸಂಜೆ ಅತ್ತೆ ಕಣ್ಣು ಬಿಟ್ಟಳು.

“ಯಾಕತ್ತೆ ಹೇಳ್ಲಿಲ್ಲ?”

“ನಿಮ್ಮ ಮಾವ ಹೋದ್ಮೇಲೆ ಕತ್ತರಿ ಹಿಡಿದ್ರೂ ಕೈ ನಡುಗೋದು ಕಣೇ. ಹುಚ್ಚು ಅಂದ್ಕೊಂಡ್ರೆ ಅಂತ ಮೂಳೆ ಡಾಕ್ಟ್ರ ಹತ್ರಾನೂ ಬಾಯಿ ಬಿಡ್ಲಿಲ್ಲ. ಇವತ್ತು ನೋವೂ ಭಯಾನೂ ಒಟ್ಟಿಗೆ ಬಂತು. ಕೈಗೆ ಸಿಕ್ಕಷ್ಟು ನುಂಗ್ದೆ.”

“ನಿಮ್ಮ ಜೊತೆ ಇಷ್ಟು ವರ್ಷ ಬಾಳಿ ನನಗೇ ಹುಚ್ಚು ಹಿಡಿದಿಲ್ಲ, ನಿಮಗೆಲ್ಲಿಂದ ಹಿಡೀಬೇಕು?” ಎಂದಳು ಸೊಸೆ, ಕಣ್ಣೊರೆಸಿಕೊಳ್ಳುತ್ತಾ.

ಯಾವ ಮಾತ್ರೆಯನ್ನೂ ತಾವಾಗಿ ತಟ್ಟನೆ ಬಿಡಬಾರದು, ಇಬ್ಬರು ಡಾಕ್ಟರೂ ಮಾತಾಡಿಕೊಂಡು ನಿಧಾನವಾಗಿ ತಗ್ಗಿಸಬೇಕು ಎಂದು ಹೇಳಿ ಡಾಕ್ಟರಮ್ಮ ಮನೆಗೆ ಕಳಿಸಿದರು.

ಮುಂದಿನ ವಾರ ಮೂಳೆ ಡಾಕ್ಟರು ಸೊಂಟ ಹೇಗಿದೆ ಎಂದು ಕೇಳಿದರು. ಅತ್ತೆ ಸೊಸೆಯ ಕೈ ಹಿಡಿದುಕೊಂಡಳು.

“ಸೊಂಟ ಇರ್ಲಿ ಡಾಕ್ಟ್ರೇ. ಮೊದಲು ಇದು ಕೇಳಿ. ನನಗೆ ಭಯ ಆಗತ್ತೆ. ಅದಕ್ಕೂ ಮಾತ್ರೆ ತಗೋತೀನಿ.”

ಡಾಕ್ಟರು ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

“ಯಾವಾಗಿಂದ ಅಮ್ಮಾ? ನಿಧಾನವಾಗಿ ಹೇಳಿ.”